ಫೋನಿನಲ್ಲಿ ಹೇಳಲಾಗದ ತುರಿಕೆ

ಸವುಸವು, ಫಿಜಿ
ಜುಲೈ ೧೨

ಅಕನಿಸಿಯ ಅಪ್ಪನಿಗೆ ಲೊಸಾನಾಳ ಪ್ರೀತಿಯ ನೆನಪುಗಳು.

ಬೆನ್ನುನೋವು ಹೇಗಿದೆ? ಆಸ್ಟ್ರೇಲಿಯಾದ ಆ ಮಿಲ್ದುರಾದಲ್ಲಿ ಈಗ ಚಳಿಗಾಲ, ಬೆಳಗಿನ ಹೊತ್ತು ಕಿತ್ತಳೆ ಎಲೆಗಳ ಮೇಲೆ ಮಂಜು ಹೆಪ್ಪುಗಟ್ಟಿರುತ್ತದಂತೆ, ಕೈಗವಸು ಹಾಕಿಕೊಂಡೇ ಹಣ್ಣು ಕೀಳಿ. ಮಗಳು ಚೆನ್ನಾಗಿದ್ದಾಳೆ. ಮರಗೆಣಸು ತಾನೇ ಬೇಯಿಸುತ್ತಾಳೆ, ಅರ್ಧ ಸಿಪ್ಪೆ ಅದರಲ್ಲೇ! ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ನಿಮ್ಮ ಕೋಣೆಯಲ್ಲಿ ಒಬ್ಬರಿಗೆ ಫೋನ್ ಬಂದರೆ ಎಲ್ಲ ಗಂಡಸರ ಕಿವಿಯೂ ಅಲ್ಲೇ. ಅದಕ್ಕೇ ಈ ಕಾಗದವನ್ನು ಅಂಟಿಸಿ, ಅಲ್ಲಿಗೆ ಹೊರಟಿರುವ ಪಾದ್ರಿಯ ತಮ್ಮನ ಕೈಯಲ್ಲಿ ಕೊಡುತ್ತಿದ್ದೇನೆ.

ನೀವು ಹೊರಡುವ ಮುಂಚೆ ನಾನು ಮಗಳ ಪಕ್ಕ ಮಲಗುತ್ತಿದ್ದೆ. “ನನ್ನ ಮೇಲೆ ಮನಸ್ಸಿಲ್ವಾ ನಿಂಗೆ?” ಅಂದಿರಿ. ಮನಸ್ಸಿತ್ತು. ಗರ್ಭಕೋಶ, ಅಂಡಾಶಯ ಎರಡೂ ತೆಗೆಸಿದ ಮೇಲೆ ಒಳಗೆಲ್ಲ ಒಣಗಿ, ಮುಟ್ಟಿದರೆ ಉರಿಯುತ್ತಿತ್ತು. ಹೇಳಲು ನಾಲಿಗೆ ಏಳಲಿಲ್ಲ. ನೀವು ಹೋದ ಮೇಲೆ ತುರಿಕೆಯೂ ಶುರುವಾಯಿತು. ಪ್ರಾರ್ಥನೆಯ ಹೊತ್ತಿಗೆ ಬೆಂಚಿನ ಮೇಲೆ ಕೂರಲಾರೆ, ಚಾಪೆ ಹೆಣೆಯಲು ಕಾಲು ಮಡಚಲಾರೆ. “ಏನೇ ಲೊಸಾನಾ, ಇರುವೆ ಗೂಡಿನ ಮೇಲೆ ಕೂತಿದ್ದೀಯಾ?” ಎಂದು ನಿಮ್ಮ ಮಕೆರೆಟಾ ಅಕ್ಕ ಎಲ್ಲರೆದುರು ಕೇಳಿದರು. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಕೊಳೆಯಿರಬೇಕೆಂದು ಔಷಧಿ ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಇನ್ನಷ್ಟು ಉರಿಯಿತು. ಒಂದು ದಿನ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು. ಗರ್ಭಕೋಶವೇ ಇಲ್ಲದ ಮೇಲೆ ರಕ್ತ ಎಲ್ಲಿಂದ? ಕೆಟ್ಟ ರೋಗವೇ ಎಂದು ಹೆದರಿದೆ. ಅಕನಿಸಿಯ ಜಡೆ ಹೆಣೆಯುತ್ತಾ, ನಾನಿಲ್ಲದಿದ್ದರೆ ಇವಳ ತಲೆ ಯಾರು ಬಾಚುತ್ತಾರೆ ಎಂದುಕೊಂಡೆ.

ಅವತ್ತೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ನಿಧಾನವಾಗಿ ನೋಡಿದರು, ಪರೀಕ್ಷೆಗೂ ಕಳಿಸಿದರು. ವರದಿ ಬರುವವರೆಗೆ ನನಗೆ ಊಟ ಸೇರಲಿಲ್ಲ. ಕೊನೆಗೆ, “ಕೆಟ್ಟದ್ದೇನೂ ಇಲ್ಲಮ್ಮ. ಅಂಡಾಶಯ ತೆಗೆದ್ಮೇಲೆ ಹಾರ್ಮೋನು ಕಮ್ಮಿಯಾಗಿ ಚರ್ಮ ಒಣಗಿ ತೆಳುವಾಗಿದೆ, ಅದೇ ಬಿರಿದು ರಕ್ತ ಬಂದಿದೆ. ಸೋಪು ಬಿಡು, ಬರೀ ನೀರಲ್ಲಿ ತೊಳಿ. ಇಷ್ಟು ದಿನ ಯಾಕೆ ಸುಮ್ನಿದ್ದೆ?” ಎಂದರು. ನನಗೆ ಅಳು ಬಂತು. ಒಳಗೆ ಹಚ್ಚಲು ಹಾರ್ಮೋನಿನ ಕ್ರೀಮು ಕೊಟ್ಟಿದ್ದಾರೆ. ತಕ್ಷಣ ಏನೂ ಆಗಲಿಲ್ಲ, ಮತ್ತೆ ಹೆದರಿದೆ. ಈಗ ತುರಿಕೆ ನಿಂತಿದೆ. ನಿನ್ನೆ ಕಾಲು ಮಡಚಿ ಕೂತು ಚಾಪೆಯ ಅಂಚು ಮುಗಿಸಿದೆ. ಒಣಗುವುದು ಮಾತ್ರ ಪೂರ್ತಿ ಹೋಗಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ದೇವರು ನಿಮ್ಮನ್ನು ಕ್ಷೇಮವಾಗಿ ಮನೆಗೆ ತರಲಿ.

ನಿಮ್ಮ
ಲೊಸಾನಾ

ತಾಜಾಕಲಂ: ಜೊತೆಯಾಗುವಾಗ ಹಚ್ಚುವ ಜೆಲ್ ಇಲ್ಲಿ ಸಿಗುತ್ತಿಲ್ಲ, ಅಲ್ಲಿಂದ ತನ್ನಿ. ನೀವೇ ಅಂಗಡಿಗೆ ಹೋಗಿ, ಯಾರ ಕೈಲೂ ತರಿಸಬೇಡಿ. ಇನ್ನೊಂದು ಮಾತು. ನೀವು ಬಂದ ಮೇಲೂ ಕೆಲವು ದಿನ ನಾನು “ಇವತ್ತು ಬೇಡ” ಎನ್ನಬಹುದು. ಆಗ ಮುನಿಸಿಕೊಳ್ಳಬೇಡಿ, ಪಕ್ಕದಲ್ಲೇ ಮಲಗಿ. ಒಪ್ಪಿಗೆಯಾದರೆ ಭಾನುವಾರ ಫೋನಿನಲ್ಲಿ “ಸರಿ” ಎಂದಷ್ಟೇ ಹೇಳಿ. ಕೋಣೆಯವರಿಗೆ ಏನೂ ತಿಳಿಯುವುದಿಲ್ಲ.