ಬಾಗಿಲ ಬಳಿಯ ಮಾತು

ಕಾಸೆಲ್, ಜರ್ಮನಿ
ಫೆಬ್ರವರಿ ೨೬, ೨೦೧೯

ಪ್ರೀತಿಯ ಅವ್ವನಿಗೆ ನಿನ್ನ ಅಬ್ರೆಹೆತ್ ಮಾಡುವ ನಮಸ್ಕಾರ.

ನಾನು ಆರೋಗ್ಯವಾಗಿದ್ದೇನೆ. ನೀನು, ತಂಗಿ ಫಿಯೋರಿ, ಆಡುಗಳು ಎಲ್ಲ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಅಲ್ಲಿ ಒಡೆದು ಓದುತ್ತಾರೆಂದು ಅಂಚೆಗೆ ಹಾಕಲು ಧೈರ್ಯ ಸಾಲದೆ, ಊರ ಕಡೆ ಬರುವವರು ಯಾರಾದರೂ ಸಿಗಲಿ ಎಂದು ಕಾಯುತ್ತಿದ್ದೆ. ಈಗ ಲೆತೆಬ್ರಹಾನ್ ಅತ್ತೆ ಬರುತ್ತಿದ್ದಾರೆ. ಅವರಿಗೆ ಇಲ್ಲಿನ ಪಾಸ್‌ಪೋರ್ಟ್ ಇದೆ, ಯಾರೂ ತಡೆಯುವುದಿಲ್ಲ. ಫಿಯೋರಿ ಓದಿ ಹೇಳಿದ ಮೇಲೆ ಇದನ್ನು ಒಲೆಗೆ ಹಾಕಿಬಿಡಿ.

ಅವ್ವ, ನಾನು ನಾಟಕ ಸೇರಿದ್ದೇನೆ. ನಗಬೇಡ. ನೆಂಟರು ಬಂದರೆ ನಿನ್ನ ಸೆರಗಿನ ಹಿಂದೆ ಅವಿತುಕೊಳ್ಳುತ್ತಿದ್ದವಳು ನಾಟಕಕ್ಕೆ ಹೇಗೆ ಹೋದೆ ಎಂದು ನನಗೇ ಗೊತ್ತಿಲ್ಲ. ನಮಗೆ ಜರ್ಮನ್ ಕಲಿಸುವ ಕಡೆಗೆ ಹೆನ್ರೀಕೆ ಎಂಬ ನಿರ್ದೇಶಕಿ ಬಂದು, ದೇಶ ಬಿಟ್ಟು ಬಂದವರ ಕಥೆಯನ್ನೇ ಆಡಿಸುತ್ತೇನೆ, ಯಾರು ಬರುತ್ತೀರಿ ಎಂದು ಕೇಳಿದರು. ಪಕ್ಕದಲ್ಲಿ ಕುಳಿತವಳು ನನ್ನ ಕೈ ಹಿಡಿದು ಎತ್ತಿಬಿಟ್ಟಳು.

ಮನೆ ಬಿಟ್ಟ ಬೆಳಗಿನ ದೃಶ್ಯ ಮೊದಲು ಬೇಕು ಎಂದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವ್ವ ಹೆಂಚಿನ ಮೇಲೆ ಇಂಜೆರಾ ರೊಟ್ಟಿಯ ಹಿಟ್ಟು ಹುಯ್ಯುತ್ತಿದ್ದಳು, ನಾನು ಹಳದಿ ಕ್ಯಾನು ಹಿಡಿದು ನೀರಿಗೆ ಹೋಗುವವಳ ಹಾಗೆ ಹೊರಟೆ.

"ಆಮೇಲೆ?" ಎಂದರು ಹೆನ್ರೀಕೆ.

"ಆಮೇಲೇನಿಲ್ಲ. ಹೋದೆ."

"ಅಮ್ಮ ತಬ್ಕೊಳ್ಳಲಿಲ್ವಾ? ಏನೂ ಹೇಳಲಿಲ್ವಾ?"

"ನಮ್ ಕಡೆ ಕದ್ದು ಗಡಿ ದಾಟೋರಿಗೆ ಯಾರೂ ಹೋಗಿ ಬಾ ಅನ್ನಲ್ಲ. ಪಕ್ಕದ ಮನೆಯವ್ರ ಕಿವಿಗೆ ಬಿದ್ರೆ ಸಂಜೆಗೆ ಸಿಪಾಯಿಗಳು ಬರ್ತಾರೆ."

"ಮೆಲ್ಲಗಾದ್ರೂ ಹೇಳಬಹುದಿತ್ತು. ನೋಡೋರಿಗೆ ಈ ತಾಯಿ ಕಲ್ಲು ಅನ್ಸುತ್ತಲ್ಲ."

ಆ ಮಾತು ಚುಚ್ಚಿತು. ನಿನ್ನ ಮುಖ ಕಾಣದ ಜನ ಟಿಕೆಟ್ ಕೊಂಡು ಬಂದು ನಿನ್ನನ್ನು ಕಲ್ಲು ಎಂದುಕೊಂಡು ಹೋಗುವುದು ನನಗೆ ಬೇಡವಾಗಿತ್ತು. ಈಗ ನೆನಪಾಯಿತು ಎಂದೆ. "ಹೋಗಿ ಬಾ ನನ್ ಕಂದ, ಮಾತೆ ಮೇರಿಯಮ್ ನಿನ್ ಮುಂದೆ ನಡೀಲಿ" ಎಂದು ಅವ್ವ ಮೆಲ್ಲಗೆ ಹೇಳಿದಳು ಎಂದೆ. ಹೆನ್ರೀಕೆಯ ಕಣ್ಣು ಒದ್ದೆಯಾಯಿತು. ಮಾತು ನಾಟಕದೊಳಗೆ ಸೇರಿತು.

ನಿನ್ನ ಪಾತ್ರ ನುರ್ಹಾನ್ ಅಕ್ಕನದು. ಅವರ ಅಪ್ಪ ಟರ್ಕಿಯಿಂದ ಇಲ್ಲಿನ ಕಾರ್ಖಾನೆಗೆ ಬಂದವರು. "ಈ ದೇಶದ ನಾಟಕದಲ್ಲಿ ಇಷ್ಟು ವರ್ಷ ನೆಲ ಒರೆಸೋಳೇ ಆಗಿದ್ದೆ ಕಣೇ. ಈಗ ರೊಟ್ಟಿ ಸುಡ್ತಿದೀನಿ. ಬಡ್ತಿ ಸಿಕ್ತು ನೋಡು" ಎಂದು ನಗಿಸುತ್ತಾರೆ.

ನನ್ನ ಪಾತ್ರ ಮಾತ್ರ ನನಗೆ ಉಳಿಯಲಿಲ್ಲ. ನುರ್ಹಾನ್ ಅಕ್ಕ ಆ ಮಾತು ಹೇಳಿದ ಕೂಡಲೇ ಬಾಗಿಲಲ್ಲಿ ನನ್ನ ಕಾಲು ಕಿತ್ತಿಡಲು ಬರುತ್ತಿರಲಿಲ್ಲ. ಎಷ್ಟು ದಿನ ಮಾಡಿಸಿದರೂ ಅಷ್ಟೇ. ಕೊನೆಗೆ ಅಭಿನಯ ಕಲಿತ ಮಾರ್ಲೆನೆ ಎಂಬ ಹುಡುಗಿ ನಾನಾದಳು. ನನ್ನನ್ನು ಮುಂದಿನ ಸಾಲಿನ ಮೂಲೆಯಲ್ಲಿ ನಾಟಕದ ಪ್ರತಿ ಕೊಟ್ಟು ಕೂರಿಸಿದರು. ಯಾರಾದರೂ ಮಾತು ಮರೆತರೆ ಅಲ್ಲಿಂದ ಪಿಸುಗುಟ್ಟಬೇಕು. ಇಲ್ಲಿ ಆ ಕೆಲಸಕ್ಕೂ ಒಬ್ಬರಿರುತ್ತಾರೆ.

ಹೋದ ತಿಂಗಳು ಒಂದು ಶುಕ್ರವಾರ ಮೊದಲ ಪ್ರದರ್ಶನ. ಪರದೆ ಏಳುವ ಮುಂಚೆ ಇವರು ಒಬ್ಬರ ಭುಜದ ಮೇಲೆ ಇನ್ನೊಬ್ಬರು ಥೂ ಥೂ ಎಂದು ಉಗುಳಿದಂತೆ ಮಾಡಿ ಹರಸುತ್ತಾರೆ. ಹೆನ್ರೀಕೆ ನನಗೂ ಮಾಡಿದರು. ನಾನು ಮರ್ಯಾದೆಯಿಂದ ಥ್ಯಾಂಕ್ಸ್ ಎಂದೆ. ಎಲ್ಲರೂ ಹಣೆ ಚಚ್ಚಿಕೊಂಡರು.

"ಅಯ್ಯೋ, ಅದಕ್ಕೆ ಥ್ಯಾಂಕ್ಸ್ ಹೇಳಬಾರ್ದು" ಎಂದಳು ಮಾರ್ಲೆನೆ. "ಹೇಳಿದ್ರೆ ನಾಟಕ ಕೆಡುತ್ತೆ."

ಕತ್ತಲಲ್ಲಿ ಪುಟ್ಟ ದೀಪದ ಕೆಳಗೆ ಹಾಳೆ ತೆರೆದು ಕುಳಿತೆ. ಬಾಗಿಲ ದೃಶ್ಯ ಬಂತು. ಮಾರ್ಲೆನೆ ಕ್ಯಾನು ಎತ್ತಿಕೊಂಡು ನಿಂತಳು. ನುರ್ಹಾನ್ ಅಕ್ಕ ಬೆನ್ನು ತಿರುಗಿಸಿ ಹಿಟ್ಟು ಹುಯ್ದರು, ಮಾತು ಬರಲಿಲ್ಲ. ಒಂದು ದಿನವೂ ಮಾತು ಮರೆತವರಲ್ಲ ಅವರು. ಇದು ನನ್ನ ಥ್ಯಾಂಕ್ಸಿನ ಫಲ ಎಂದು ಬೆವರಿದೆ. ಜರ್ಮನ್ ಮಾತು ಕಣ್ಣೆದುರೇ ಇತ್ತು. ಆದರೆ ಬಾಯಿಂದ ಬಂದದ್ದು ನಮ್ಮ ಭಾಷೆ, ಅದೂ ಗಟ್ಟಿಯಾಗಿ. ಹೋಗಿ ಬಾ ನನ್ ಕಂದ.

ಇಡೀ ಸಭೆಗೆ ಕೇಳಿಸಿತು. ಮಾರ್ಲೆನೆ ಕತ್ತಲ ಕಡೆ ಒಮ್ಮೆ ನೋಡಿ ಹೊರಟುಹೋದಳು.

ಕೆಲಸ ಹೋಯಿತು ಎಂದುಕೊಂಡೆ. ನಾಟಕ ಮುಗಿದ ಮೇಲೆ ಹೆನ್ರೀಕೆ ಬಂದು, "ಇನ್ಮೇಲೆ ದಿನಾ ಹಾಗೇ ಹೇಳು, ಅಲ್ಲಿಂದಲೇ" ಎಂದರು. ಮರೆತಿರಾ ಅಕ್ಕಾ ಎಂದು ನುರ್ಹಾನ್ ಅಕ್ಕನನ್ನು ಕೇಳಿದರೆ, "ವಯಸ್ಸಾಯ್ತಲ್ಲ ಮಗಳೇ" ಎಂದು ಬಣ್ಣ ಒರೆಸಿಕೊಳ್ಳುತ್ತಾ ನಕ್ಕರು. ಈಗ ಪ್ರತಿ ಪ್ರದರ್ಶನದಲ್ಲೂ ನಿನ್ನ ಮಾತು ನಾನೇ ಹೇಳುತ್ತೇನೆ. ಜನ ಅಳುತ್ತಾರೆ. ಎಂಥ ತಾಯಿ ಎನ್ನುತ್ತಾರೆ.

ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ತಪ್ಪದೆ ಹಚ್ಚಿಕೋ. ಫಿಯೋರಿ ಶಾಲೆ ಬಿಡಬಾರದು. ಮೇರಿಯಮ್ ನಿಮ್ಮಿಬ್ಬರನ್ನೂ ತನ್ನ ನೆರಳಲ್ಲಿ ಇಟ್ಟುಕೊಳ್ಳಲಿ.

ನಿನ್ನ ಮಗಳು,
ಅಬ್ರೆಹೆತ್

ತಾ.ಕ.: ಫಿಯೋರಿ, ಇದನ್ನು ನಿಧಾನವಾಗಿ ಓದು. ಅವ್ವ, ಹೆನ್ರೀಕೆಗೆ ಹೇಳದ ಒಂದು ಸಂಗತಿ ಇದೆ. ಆ ಬೆಳಿಗ್ಗೆ ಪಕ್ಕದ ಮನೆಗೆ ಬೀಗ ಹಾಕಿತ್ತು. ಅವರೆಲ್ಲ ಮದುವೆಗೆ ಹೋಗಿದ್ದರು. ಅದಕ್ಕೇ ನೀನೂ ನಾನೂ ಆ ದಿನ ಆರಿಸಿದ್ದೆವು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ನಾನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೇ ಇದ್ದೆ. ನೀನು ಯಾಕೆ ತಿರುಗಲಿಲ್ಲ? ಅತ್ತೆ ಈಸ್ಟರ್‌ಗೆ ಮುಂಚೆ ವಾಪಸ್ ಬರುತ್ತಾರೆ. ಬೈಗುಳವಾದರೂ ಸರಿ, ಒಂದು ಮಾತು ಹೇಳಿ ಕಳಿಸು.