ಗಾಳಿಗೆ ಆರಿದ ಶೂವಿಗೆ ನೀವು ಕೊಟ್ಟ ಪ್ರಮಾಣಪತ್ರ

ಹೊರದೇಶಕ್ಕೆ ಹೋಗುವ ಪಾದರಕ್ಷೆಗಳಲ್ಲಿ ವಿಷ ಹುಡುಕುವ ಕಚೇರಿಯ ಮುಖ್ಯಾಧಿಕಾರಿಗಳೇ,

ನೀವು ಪರೀಕ್ಷಿಸಿದ ಶೂ ಆರೋಗ್ಯವಾಗಿದೆ. ಅದನ್ನು ಅಂಟಿಸಿದ ನನ್ನ ಮಗಳು ಬಿಯುನ್, ಆಸ್ಪತ್ರೆಯ ಐದನೇ ಮಹಡಿಯಲ್ಲಿ ಪರರ ರಕ್ತದಲ್ಲಿ ಬದುಕಿದ್ದಾಳೆ. ಅವಳ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತಿದೆಯಂತೆ. ಅಂಟಿನಿಂದಲೇ ಎಂದು ಡಾಕ್ಟರು ಬಾಯಲ್ಲಿ ಹೇಳುತ್ತಾರೆ, ಬರೆದುಕೊಡಲು ಆಧಾರ ಬೇಕೆನ್ನುತ್ತಾರೆ. ಆಧಾರ ಕೇಳಿದರೆ ಕಾರ್ಖಾನೆಯ ಮಾಲೀಕ ನಿಮ್ಮ ಕೆಂಪು ಮೊಹರಿನ ಕಾಗದ ತೋರಿಸುತ್ತಾನೆ: ಬೆಂಜೀನ್ ವಿಷ ಪತ್ತೆಯಾಗಿಲ್ಲ.

ಹೇಗೆ ಪತ್ತೆಯಾದೀತು ಸ್ವಾಮಿ? ನಿಮಗೆ ಕಳಿಸುವ ಜೋಡಿಯನ್ನು ನಾವು ಕಾರ್ಖಾನೆಯ ಮಹಡಿಯ ಮೇಲೆ ಬಿದಿರಿನ ಗಳಕ್ಕೆ ನೇತುಹಾಕಿ ಇಪ್ಪತ್ತು ದಿನ ಕಡಲಗಾಳಿಗೆ ಬಿಡುತ್ತೇವೆ, ಉಪ್ಪುಮೀನಿನ ಪಕ್ಕದಲ್ಲೇ. ಎರಡನ್ನೂ ತಿರುವಿಹಾಕುವುದು ನನ್ನ ಕೆಲಸ. ಮೀನಿನ ಒಡತಿ, ಪಕ್ಕದ ಮನೆಯ ಗುಯಿಮೆಯ್ ಕೆಳಗಿನಿಂದ ಕೇಳುತ್ತಿದ್ದಳು, "ಏನ್ ಜಿನ್‌ಝಿ ಅಕ್ಕಾ, ಆ ದೇಶದೋರು ಶೂನ ಗಂಜಿಗೆ ನಂಚ್ಕೊಂಡು ತಿಂತಾರಾ?"

"ಮೂಸಿ ನೋಡ್ತಾರಂತೆ ಕಣೇ. ನಿನ್ನ ಮೀನು ಮೂಸಿದ್ರೆ ಹಡಗೇ ವಾಪಸ್ ಬರ್ತದೆ."

ನಗುತ್ತಿದ್ದೆವು. ಆ ವಾಸನೆ ಹಾರಿ ಎಲ್ಲಿಗೆ ಹೋಗುತ್ತದೆ ಎಂದು ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಕೆಳಗಿನ ಕೋಣೆಯಲ್ಲಿ ನನ್ನ ಮಗಳೂ ಸೇರಿ ಹನ್ನೆರಡು ಹೆಂಗಸರು ಅಂಟು ಬಳಿಯುತ್ತಿದ್ದರು. ಧೂಳು ಕೂತರೆ ಅಂಟು ಹಿಡಿಯದೆಂದು ಕಿಟಕಿ ತೆರೆಯುವಂತಿಲ್ಲ. ಇಪ್ಪತ್ತು ದಿನದಲ್ಲಿ ಹಾರಿಹೋಗುವ ವಿಷವನ್ನು ಇಪ್ಪತ್ತೊಂದನೇ ದಿನ ಹುಡುಕುವುದು ಯಾವ ಶಾಸ್ತ್ರ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಜಾಣರೇ, ಪರದೇಶದ ಮಗುವಿನ ಕಾಲಿಗೆ ತಾಗದ್ದು ನನ್ನ ಮಗುವಿನ ಎದೆಗೆ ಇಳಿದಿದೆ. ಶೂ ಶುದ್ಧವಾದದ್ದು ಹಾಗೆ.

ಇದನ್ನೇ ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ಕಿಟಕಿಯಲ್ಲಿದ್ದವನು ಒಳ್ಳೆಯವನೇ, ಕುರ್ಚಿ ಕೊಟ್ಟ. "ಅಜ್ಜಿ, ನಾವು ನೋಡೋದು ಶೂ ಮಾತ್ರ. ಮನುಷ್ಯರಿಗೆ ಬೇರೆ ಕಚೇರಿ ಇದೆ." ಆ ಬೇರೆ ಕಚೇರಿಯವರು ನಿಮ್ಮ ಕಾಗದವನ್ನೇ ತೋರಿಸಿ ಕಳಿಸಿದರು. ಮಗಳ ಅಂಗಾಲಿಗೆ ಅಳತೆಯ ಚೀಟಿ ಅಂಟಿಸಿ, ಶೂ ಡಬ್ಬಿಯಲ್ಲಿ ಮಲಗಿಸಿ ತಂದರೆ ನೋಡುತ್ತೀರಾ?

ಈಗ ನನ್ನ ತಪ್ಪು. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳಿಗೆ ಕೆಲಸ ಕಲಿಸಿದವಳು ನಾನು. ಅಂಟು ಹಸಿಯಿದ್ದರೆ ಅಟ್ಟೆ ಜಾರುತ್ತದೆ, ತೀರ ಒಣಗಿದರೆ ಹಿಡಿಯುವುದಿಲ್ಲ. ಹದ ತಿಳಿಯುವುದು ಮೂಗಿನಿಂದ. "ಹತ್ತಿರ ಹಿಡ್ಕೊಂಡು ಮೂಸು. ಕಳಿತ ಲೋಂಗನ್ ಹಣ್ಣಿನಂಥ ಸಿಹಿ ವಾಸನೆ ಹೋಗೋ ತನಕ ತಾಳು, ಆಮೇಲೆ ಒತ್ತು," ಎಂದಿದ್ದೆ. ನಾನು ಕೂತು ಅಂಟಿಸಿದ್ದು ಬಯಲಲ್ಲಿ, ಮರದಡಿ. ಅವಳಿಗೆ ಮುಚ್ಚಿದ ಕೋಣೆ ಸಿಕ್ಕಿತು. ಹದಿನಾಲ್ಕು ವರ್ಷ ಮೂಸಿದಳು. ಅವಳು ಒತ್ತಿದ ಒಂದು ಜೋಡಿಯೂ ಬಾಯಿಬಿಟ್ಟು ತಿರುಗಿ ಬರಲಿಲ್ಲ.

ಹೋದ ವಾರ ನಾನು ನೂಲುಶಾವಿಗೆ ಗಂಜಿ ಕುಡಿಸುವಾಗ ಕೇಳಿದಳು, "ಅಮ್ಮಾ, ನಾನೇ ಜಾಸ್ತಿ ಮೂಸಿಬಿಟ್ನಾ?" ಅಲ್ಲ ಮಗಳೇ ಎಂದೆ. ನಂಬಲಿಲ್ಲ. ಶೂ ಸರಿಯಿದೆ ಎಂದು ಮೊಹರೇ ಹೇಳುವಾಗ ತಪ್ಪು ತನ್ನದೇ ಇರಬೇಕು ಎನ್ನುತ್ತಾಳೆ.

ಆದ್ದರಿಂದ ಅವಳು ನಂಬುವಂಥ ಕಾಗದ ಬೇಕು. ಅವಳ ಮೇಜಿನ ಮೇಲಿದ್ದ ಅಂಟಿನ ಡಬ್ಬಿಯನ್ನು ಮೇಣ ಹಚ್ಚಿ ಮುಚ್ಚಿ ನಿಮ್ಮ ಬಾಗಿಲಿಗೆ ತರುತ್ತೇನೆ. ಅದನ್ನು ಪರೀಕ್ಷಿಸಿ. ಉಳಿದ ಹನ್ನೊಂದು ಮಂದಿ ಕೂತಿರುವ ಕೋಣೆಗೆ ಹೇಳದೆ ಬಂದು ಗಾಳಿ ಹಿಡಿದು ನೋಡಿ. ಕಂಡದ್ದನ್ನು ಬರೆದು ಅದೇ ಕೆಂಪು ಮೊಹರು ಒತ್ತಿ, ಅವಳಿಗೆ ಓದಲು ಕಣ್ಣಿರುವಾಗಲೇ ಕೊಡಿ. ಈ ಪತ್ರದ ಇನ್ನೊಂದು ಪ್ರತಿ ಮೀನುಪೇಟೆಯ ಗೋಡೆಯ ಮೇಲಿದೆ. ಅನ್ನದ ಗಂಜಿಯಲ್ಲಿ ಅಂಟಿಸಿದ್ದೇನೆ, ಬೇರೆ ಅಂಟು ಮುಟ್ಟಲು ಕೈ ಬರಲಿಲ್ಲ.

ಡಬ್ಬಿ ತೆರೆಯುವಾಗ ಕಿಟಕಿ ತೆಗೆದಿಡಿ. ನಿಮಗೂ ತಾಯಿ ಇದ್ದಾಳು. ಏನಿದೆ ಎಂದು ತಿಳಿಯಲು ಮೂಗಿನ ಹತ್ತಿರ ಹಿಡಿಯಬೇಡಿ.

ಇಂತಿ,
ಹಿಡಿ ಎಂದು ಮಗಳಿಗೆ ಕಲಿಸಿದವಳು,
ಶಿ ಜಿನ್‌ಝಿ
ಫೂಜಿಯಾನ್ ಕಡಲದಂಡೆ