ಈರಕ್ಕನ ಹೊಟ್ಟೆನೋವು ನಾಟಕವಲ್ಲ

ರೀ, ಮನೆಗೆ ಬಂದ ಕೂಡಲೇ ಇದನ್ನು ಓದಿ. ಮಗಳು ಈರಕ್ಕನನ್ನು ಕರೆದುಕೊಂಡು ಹುಬ್ಬಳ್ಳಿ ಬಸ್ಸಿಗೆ ಹೊರಟಿದ್ದೇನೆ. ನನ್ನ ತಮ್ಮ ಜೊತೆಗಿದ್ದಾನೆ.

ಹಳಿಯಾಳದ ಗಂಡಿನವರು ಇವತ್ತು ನೋಡಲು ಬರುತ್ತಾರೆಂದೇ ಅವಳು ಹೊಟ್ಟೆನೋವಿನ ನಾಟಕ ಹೂಡಿದ್ದಾಳೆ, ನನ್ನದೇ ಕುಮ್ಮಕ್ಕು ಎಂದು ಬೈದು ನೀವು ಪಾಳಾ ಊರಿನ ಹೊಲಕ್ಕೆ ಹೋದಿರಿ. ನಾಟಕವಲ್ಲದಿದ್ದರೆ ಜಂತು ಎಂದು ನೀವು ತಂದಿಟ್ಟ ಔಡಲೆಣ್ಣೆಯನ್ನು ನಾನು ಕುಡಿಸಲಿಲ್ಲ. ಊರ ದವಾಖಾನೆಗೆ ಕರೆದೊಯ್ದೆ.

ಡಾಕ್ಟರಿಗೂ ಮೊದಲು ಸಂಶಯವೇ ಇತ್ತು. ಹೊಟ್ಟೆಯ ಬಲಗಡೆ ಒತ್ತಿ, ಬೆರಳಿನ ರಕ್ತ ತೆಗೆದು ಪರೀಕ್ಷಿಸಿದರು.

"ಬಿಳಿ ರಕ್ತಕಣದಾಗ ಬ್ಯಾರೆ ಬ್ಯಾರೆ ಜಾತಿ ಅದಾವು ನೋಡ್ರಿ ತಾಯಿ. ಜಂತಿದ್ರ ಒಂದು ಜಾತಿ ಹೆಚ್ಚತಾವು, ಹಳೇ ಜಡ್ಡಿದ್ರ ಇನ್ನೊಂದು. ಕೀವಾಗೂ ಕಡೆ ಮೊದಲ ಓಡಿಬಂದು ಕಾದಾಡಿ ಸಾಯೂವು ಮತ್ತೊಂದು. ನಿಮ್ಮ ಮಗಳ ರಕ್ತದಾಗ ಅವಽ ತುಂಬ್ಯಾವು. ಇದು ಅಪೆಂಡಿಕ್ಸ್. ಔಡಲೆಣ್ಣಿ ಕುಡಿಸಿದ್ರ ಒಳಗ ಒಡದು ಜೀವಕ್ಕ ಬರತಿತ್ತು," ಎಂದರು. ಇವತ್ತೇ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು.

ಎಮ್ಮೆ ಹಿಂಡಿಲ್ಲ. ಒಗ್ಗರಣೆ ಅವಲಕ್ಕಿ ಮುಚ್ಚಿಟ್ಟಿದ್ದೇನೆ, ಬಂದವರಿಗೆ ಕೊಡಿ. ಅವರನ್ನು ಕಳಿಸಿ, ಅವಳು ಹೊದೆಯುವ ಕೌದಿ ತೆಗೆದುಕೊಂಡು ಮುಂದಿನ ಬಸ್ಸಿಗೆ ಬನ್ನಿ. ಬೇಕಿದ್ದರೆ ದಾರಿಯಲ್ಲಿ ಡಾಕ್ಟರನ್ನೇ ಕೇಳಿಕೊಳ್ಳಿ. ನನ್ನ ಮಾತನ್ನು ಯಾವತ್ತು ನಂಬಿದ್ದೀರಿ?

ಇನ್ನೊಂದು. ನಿಮ್ಮ ಸಂಶಯ ಪೂರಾ ಸುಳ್ಳಲ್ಲ. ದವಾಖಾನೆಯಿಂದ ಬರುವಾಗ ಅವಳು ನನ್ನ ಕೈ ಬಿಗಿಯಾಗಿ ಹಿಡಿದು, "ಅವ್ವಾ, ನೋವೂ ಖರೇ, ಆ ಗಂಡು ಬ್ಯಾಡನ್ನೂದೂ ಖರೇ," ಎಂದಳು. ಬಂದವರಿಗೆ ಮೊದಲನೆಯದನ್ನಷ್ಟೇ ಹೇಳಿ. ಎರಡನೆಯದು, ಮಗಳು ಬದುಕಿ ಬಂದ ಮೇಲೆ, ನಾವಿಬ್ಬರೂ ಕೂತು ಮಾತಾಡುವ ವಿಷಯ.

ಗುರುಸಿದ್ದವ್ವ